ತಿಂಗಳಿಗೆ 28 ದಿನ, ವರ್ಷಕ್ಕೆ 13 ತಿಂಗಳು

ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಒಂದು ಡೈರಿ ಇದೆ. ಅದರ ಕೊನೆಯ ಹಾಳೆಗಳಲ್ಲಿ ಫೋನ್ ರೀಚಾರ್ಜ್ ಬರೆದಿಡುವುದು ನನ್ನ ರೂಢಿ. ಯಾರ ನಂಬರು, ಯಾವ ತಾರೀಕು, ಎಷ್ಟು ರೂಪಾಯಿ ಎಂದು ಒಂದೊಂದು ಸಾಲು. 2025ರ ಆರಂಭದಲ್ಲಿ ಒಂದು ಸಂಜೆ ಕೂತು, ಮನೆಯ ನಾಲ್ಕೂ ನಂಬರುಗಳನ್ನು ಆಗಿನ ದರದಲ್ಲಿ ಇಡೀ ವರ್ಷಕ್ಕೆ ಕೂಡಿದೆ. ಬಂದದ್ದು 20,142 ರೂಪಾಯಿ 84 ಪೈಸೆ. ಎರಡು ಸಲ ಕೂಡಿದರೂ ಅಷ್ಟೇ. ಊರಲ್ಲಿರುವ ಅಮ್ಮ ಕರೆ ಮಾಡುವುದು, ಬಂದ ಕರೆ ಎತ್ತುವುದು ಬಿಟ್ಟರೆ ಫೋನಿನಲ್ಲಿ ಬೇರೇನೂ ಮಾಡುವವರಲ್ಲ. ಅವರ ಹೆಸರಿನಲ್ಲೂ 2,587 ರೂ. ಇತ್ತು: 199 ರೂಪಾಯಿಯ 13 ರೀಚಾರ್ಜ್.

ಹನ್ನೆರಡಲ್ಲ, ಹದಿಮೂರು. ಪ್ಯಾಕಿನ ವಾಯಿದೆ 28 ದಿನವಾದ್ದರಿಂದ 12 ಸಲ ಹಾಕಿಸಿದರೆ ತುಂಬುವುದು 336 ದಿನ. ಮಿಕ್ಕ 29 ದಿನಕ್ಕೆ ಇನ್ನೊಂದು ಬೇಕು, ಅದಾದ ಮೇಲೂ ಒಂದು ದಿನ ಉಳಿಯುತ್ತದೆ. ಹೂ ಮಾರುವವರ ಮೊಳ ಗಿಡ್ಡವಾದರೆ ನಾವು ಅಲ್ಲೇ ನಿಂತು ಕೇಳುತ್ತೇವೆ. ತಿಂಗಳು ಗಿಡ್ಡವಾದದ್ದನ್ನು ಬಹಳ ವರ್ಷ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಕಡೆಗೆ 2022ರ ಜನವರಿ 27ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕ್, ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸಬಹುದಾದ ಇನ್ನೊಂದು ಪ್ಯಾಕ್ ಇಡಲೇಬೇಕು ಎಂದು ಆದೇಶಿಸಿತು. ಆದರೂ ರೀಚಾರ್ಜ್ ಅಂಗಡಿಯಲ್ಲಿ ‘ಒಂದು ತಿಂಗಳದ್ದು ಹಾಕಿ’ ಎಂದರೆ ಇವತ್ತಿಗೂ ಸಾಮಾನ್ಯವಾಗಿ ಹಾಕುವುದು 28 ದಿನದ್ದೇ.

ಆದ್ದರಿಂದ ಕಂಪನಿಯ ಜೊತೆ ಮಾತಿಗೆ ಕೂರುವ ಮೊದಲು ಮಾಡಬೇಕಾದ ಕೆಲಸ ಒಂದೇ: ಪ್ಯಾಕಿನ ಬೆಲೆಯನ್ನು ಅದರ ದಿನಗಳಿಂದ ಭಾಗಿಸುವುದು. ಪೋಸ್ಟ್‌ಪೇಯ್ಡ್ ಆದರೆ ಮೊದಲು ಶೇ 18ರ ಜಿಎಸ್‌ಟಿ ಸೇರಿಸಬೇಕು. ಪ್ರೀಪೇಯ್ಡ್ ಬೆಲೆಯಲ್ಲಿ ತೆರಿಗೆ ಒಳಗೇ ಇರುತ್ತದೆ, ಪೋಸ್ಟ್‌ಪೇಯ್ಡ್ ಜಾಹೀರಾತಿನ ಬೆಲೆಗೆ ಅದು ಹೊರಗಿನಿಂದ ಬರುತ್ತದೆ. 449 ರೂ. ಎಂದು ಕಾಣುವ ಪ್ಲಾನಿನ ಬಿಲ್ಲು 529 ರೂ. 82 ಪೈಸೆ.

2024ರ ಜುಲೈ ಮೊದಲ ವಾರದಲ್ಲಿ ಮೂರು ಖಾಸಗಿ ಕಂಪನಿಗಳೂ ದರ ಏರಿಸಿದವು. ಆ ಪಟ್ಟಿಯನ್ನೇ ಮುಂದಿಟ್ಟುಕೊಂಡು ದಿನದ ಲೆಕ್ಕ ಹಾಕೋಣ. ಜಿಯೊದಲ್ಲಿ ದಿನಕ್ಕೆ 1.5 ಜಿಬಿ ಕೊಡುವ 28 ದಿನದ ಪ್ಯಾಕ್ 239ರಿಂದ 299 ರೂಪಾಯಿಗೆ ಏರಿತು. ದಿನಕ್ಕೆ 10 ರೂ. 68 ಪೈಸೆ. ಅದೇ ಕಂಪನಿಯ, ದಿನಕ್ಕೆ 2 ಜಿಬಿ ಕೊಡುವ 84 ದಿನದ ಪ್ಯಾಕ್ 859 ರೂ. ದಿನಕ್ಕೆ 10 ರೂ. 23 ಪೈಸೆ. ಹೆಚ್ಚು ಡೇಟಾ, ಕಡಿಮೆ ಬೆಲೆ. ಅಷ್ಟೇ ಅಲ್ಲ, ಆ ಜುಲೈನಿಂದ ಮಿತಿಯಿಲ್ಲದ 5ಜಿ ಸಿಗುವುದು ದಿನಕ್ಕೆ 2 ಜಿಬಿ ಮತ್ತು ಅದಕ್ಕೂ ಮೇಲಿನ ಪ್ಯಾಕ್‌ಗಳಿಗೆ ಮಾತ್ರ ಎಂದಾಯಿತು. 5ಜಿ ಫೋನು ಕೈಯಲ್ಲಿ ಹಿಡಿದು 299 ರೂ. ಹಾಕಿಸುವವರು ದಿನಕ್ಕೆ 45 ಪೈಸೆ ಹೆಚ್ಚು ಕೊಟ್ಟು 5ಜಿಯನ್ನೂ ಕಳೆದುಕೊಂಡರು.

ಏರ್‌ಟೆಲ್‌ನಲ್ಲಿ ಅಂತರ ಇನ್ನೂ ದೊಡ್ಡದು. 1.5 ಜಿಬಿಯ 28 ದಿನದ ಪ್ಯಾಕ್ 349 ರೂ., ದಿನಕ್ಕೆ 12 ರೂ. 46 ಪೈಸೆ. 2 ಜಿಬಿಯ ವಾರ್ಷಿಕ ಪ್ಯಾಕ್ 3,599 ರೂ., ದಿನಕ್ಕೆ 9 ರೂ. 86 ಪೈಸೆ. 365 ದಿನಕ್ಕೆ ಗುಣಿಸಿದರೆ ವ್ಯತ್ಯಾಸ ಸುಮಾರು 950 ರೂಪಾಯಿ. ಒಂದೇ ಸಲ 3,599 ರೂ. ತೆಗೆಯುವುದು ಎಲ್ಲರ ಕೈಲೂ ಆಗುವುದಿಲ್ಲ ಎಂಬುದು ನಿಜ. ದಿನಗೂಲಿಯವರು 28 ದಿನದ್ದನ್ನೇ ಹಾಕಿಸುತ್ತಾರೆ, ಹಾಗಾಗಿ ಒಂದೊಂದು ದಿನಕ್ಕೂ ಹೆಚ್ಚು ತೆರುವವರು ಅವರೇ. ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಅನ್ಯಾಯವಾಗಿ ಕಾಣುವುದು ಇದು.

ವಾರ್ಷಿಕ ಪ್ಯಾಕಿಗೆ ಇನ್ನೊಂದು ಬಲವಿದೆ. ದೊಡ್ಡ ದರ ಏರಿಕೆಗಳು ಬಂದದ್ದು 2019ರ ಡಿಸೆಂಬರ್, 2021ರ ನವೆಂಬರ್-ಡಿಸೆಂಬರ್, 2024ರ ಜುಲೈಯಲ್ಲಿ. ಕಳೆದ ಸಲ ಜೂನ್ ಕೊನೆಗೆ ಘೋಷಣೆಯಾಗಿ ಜುಲೈ 3ರಿಂದ ಜಾರಿಗೆ ಬಂತು. ನಡುವೆ ಸಿಕ್ಕ ಆ ನಾಲ್ಕೈದು ದಿನಗಳಲ್ಲಿ ವಾರ್ಷಿಕ ಪ್ಯಾಕ್ ಹಾಕಿಸಿದವರು 3,599ರ ಬದಲು 2,999 ರೂ. ಕೊಟ್ಟರು. 600 ರೂಪಾಯಿಯ ಉಳಿತಾಯ. ಅನನುಕೂಲವೂ ಉಂಟು: ವರ್ಷದ ಹಣ ಮುಂಗಡ ಕಟ್ಟಿದವರ ಕೈಯಲ್ಲಿ ಚೌಕಾಸಿಯ ಬಲ ಉಳಿಯುವುದಿಲ್ಲ. ಮಧ್ಯೆ ಬೇರೆ ಕಂಪನಿಗೆ ಹೋದರೆ ಉಳಿದ ವಾಯಿದೆಯೂ ಬ್ಯಾಲೆನ್ಸೂ ಹೋದಂತೆಯೇ. ಊರಲ್ಲಿ ಸಿಗ್ನಲ್ ಗಟ್ಟಿಯಾಗಿದೆ ಎಂದು ಖಾತ್ರಿಯಿದ್ದರೆ ಮಾತ್ರ ವಾರ್ಷಿಕಕ್ಕೆ ಕೈಹಾಕಬೇಕು.

ಅಮ್ಮನ ವಿಷಯಕ್ಕೆ ಬರುತ್ತೇನೆ. ಇಂಟರ್‌ನೆಟ್ ಬೇಡದವರಿಂದ ಇಂಟರ್‌ನೆಟ್ಟಿನ ದುಡ್ಡು ವಸೂಲು ಮಾಡುವುದು ಸರಿಯಲ್ಲ ಎಂಬ ದೂರು ಹಳೆಯದು. 2024ರ ಡಿಸೆಂಬರ್ 23ರಂದು ಟ್ರಾಯ್ ನಿಯಮ ತಿದ್ದಿ, ಕರೆ ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಯಾಕ್ ಕಡ್ಡಾಯ ಮಾಡಿತು. ವಿಶೇಷ ಪ್ಯಾಕ್‌ಗಳ ಗರಿಷ್ಠ ವಾಯಿದೆಯನ್ನು 90 ದಿನದಿಂದ 365 ದಿನಕ್ಕೆ ಹಿಗ್ಗಿಸಿತು. ಜನವರಿಯಲ್ಲಿ ಏರ್‌ಟೆಲ್ ತಂದ ಇಂಥ ಪ್ಯಾಕ್‌ಗಳ ಬೆಲೆ ಮೊದಲು 84 ದಿನಕ್ಕೆ 499, ವರ್ಷಕ್ಕೆ 1,959 ರೂ. ಇತ್ತು. ಈ ದರಗಳನ್ನು ಪರಿಶೀಲಿಸುತ್ತೇವೆ ಎಂದು ಟ್ರಾಯ್ ಹೇಳಿದ ಕೆಲವೇ ದಿನಗಳಲ್ಲಿ ಅವು 469 ಮತ್ತು 1,849ಕ್ಕೆ ಇಳಿದವು. ವಾರ್ಷಿಕದಲ್ಲಿ 110 ರೂ. ಇಳಿಕೆ. ಕೇಳುವವರಿದ್ದರೆ ಬೆಲೆ ಕದಲುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ. ಅಮ್ಮನನ್ನು 199ರಿಂದ 1,849ಕ್ಕೆ ದಾಟಿಸಿದೆ. ಉಳಿದದ್ದು ವರ್ಷಕ್ಕೆ 738 ರೂ. ಅವರಿಗೆ ಹಣಕ್ಕಿಂತ ನೆಮ್ಮದಿಯಾದದ್ದು, ‘ನಿಮ್ಮ ಪ್ಯಾಕ್ ಮುಗಿಯುತ್ತಿದೆ’ ಎಂಬ ಮೆಸೇಜು ಬಂದಾಗಲೆಲ್ಲ ಪಕ್ಕದ ಮನೆಯ ಹುಡುಗನ ಹತ್ತಿರ ಓದಿಸುವ ಪಾಡು ತಪ್ಪಿದ್ದು.

ಪ್ರೀಪೇಯ್ಡ್‌ನಲ್ಲಿ ಚೌಕಾಸಿ ಎಂದರೆ ಹೆಚ್ಚುಕಡಿಮೆ ಇಷ್ಟೇ, ಸರಿಯಾದ ಪ್ಯಾಕ್ ಹುಡುಕುವುದು. ಮಾತಾಡಿ ದರ ಇಳಿಸಿಕೊಳ್ಳುವ ಅವಕಾಶ ನಿಜವಾಗಿ ಇರುವುದು ಪೋಸ್ಟ್‌ಪೇಯ್ಡ್‌ನಲ್ಲಿ. ಕಂಪನಿಗಳು ನಮ್ಮನ್ನು ಅಳೆಯುವ ಸಂಖ್ಯೆ ನೋಡಿದರೆ ಕಾರಣ ತಿಳಿಯುತ್ತದೆ. ಒಬ್ಬ ಗ್ರಾಹಕನಿಂದ ತಿಂಗಳಿಗೆ ಬರುವ ಸರಾಸರಿ ಆದಾಯ ಏರ್‌ಟೆಲ್‌ಗೆ 2024ರ ಏಪ್ರಿಲ್-ಜೂನ್‌ನಲ್ಲಿ 211 ರೂ. ಇತ್ತು, ಅಕ್ಟೋಬರ್-ಡಿಸೆಂಬರ್ ಹೊತ್ತಿಗೆ 245 ಆಯಿತು. ಜಿಯೊದ್ದು 181 ರೂ. 70 ಪೈಸೆಯಿಂದ 203 ರೂ. 30 ಪೈಸೆಗೆ ಏರಿತು. ಅಮ್ಮನ 199 ರೂಪಾಯಿಯಲ್ಲಿ ತೆರಿಗೆ ಕಳೆದರೆ ಕಂಪನಿಗೆ ಸಿಗುತ್ತಿದ್ದದ್ದು ಸುಮಾರು 169 ರೂ. ಅವರು ಬಿಟ್ಟು ಹೋಗುತ್ತೇನೆ ಎಂದರೆ ಯಾರೂ ಓಡಿ ಬರುವುದಿಲ್ಲ. ನಾನು ತೆರಿಗೆ ಬಿಟ್ಟು 599 ರೂ. ಕಟ್ಟುತ್ತಿದ್ದವನು, ಅಂದರೆ ಆ 245ರ ಸುಮಾರು ಎರಡೂವರೆ ಪಟ್ಟು. ಇಂಥ ಗಿರಾಕಿಯನ್ನು ಯಾವ ಕಂಪನಿಯೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ನನ್ನ ಮಾತುಕತೆ ಹೀಗೆ ನಡೆಯಿತು. ಮೊದಲು ಗ್ರಾಹಕ ಸೇವೆಗೆ ಕರೆ ಮಾಡಿ ‘ದರ ಇಳಿಸಲು ಆಗುತ್ತದೆಯೇ’ ಎಂದೆ. ‘ನಿಮ್ಮ ನಂಬರಿಗೆ ಸದ್ಯ ಯಾವ ಆಫರೂ ತೋರಿಸುತ್ತಿಲ್ಲ ಸರ್’ ಎಂದರು. ಬಾಕಿ ಬಿಲ್ ಕಟ್ಟಿದೆ. ಕಂಪನಿ ಬದಲಿಸಲು ಬೇಕಾದ ಕೋಡಿಗಾಗಿ ಅದೇ ನಂಬರಿನಿಂದ 1900ಕ್ಕೆ ಎಸ್ಎಂಎಸ್ ಕಳಿಸಿದೆ: ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ಹತ್ತಂಕಿಯ ನಂಬರು. ಎಂಟು ಅಕ್ಷರ-ಅಂಕಿಗಳ ಕೋಡ್ ಬಂತು. ಮರುದಿನವೇ ಕರೆ ಬಂತು, ಈ ಸಲ ಅವರ ಕಡೆಯಿಂದ, ಅಚ್ಚ ಕನ್ನಡದಲ್ಲಿ. ‘ಯಾಕೆ ಸರ್ ನಮ್ಮನ್ನು ಬಿಟ್ಟು ಹೋಗ್ತಾ ಇದ್ದೀರಿ?’

ಮೊದಲು ಕೊಡಲು ಬಂದದ್ದು ಹೆಚ್ಚುವರಿ ಡೇಟಾ. ನನ್ನ ಬಳಕೆಯ ಆರು ತಿಂಗಳ ಲೆಕ್ಕ ಡೈರಿಯಲ್ಲಿತ್ತು; ಯಾವ ತಿಂಗಳೂ 26 ಜಿಬಿ ದಾಟಿರಲಿಲ್ಲ, ಪ್ಲಾನಿನಲ್ಲಿದ್ದದ್ದೇ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿಯುತ್ತಿತ್ತು. ಬೇಡ ಎಂದೆ. ಆಮೇಲೆ ಬಂದದ್ದು ಆರು ತಿಂಗಳು 150 ರೂ. ಕಡಿತ. ಕೇಳಲು ಸೊಗಸಾಗಿತ್ತು. ಫೋನು ಕಿವಿಯಲ್ಲಿ ಹಿಡಿದುಕೊಂಡೇ ಡೈರಿಯ ಅಂಚಿನಲ್ಲಿ ಗುಣಿಸಿದೆ. ತೆರಿಗೆ ಸೇರಿ ಉಳಿತಾಯ 1,062 ರೂ. ವರ್ಷದ ಬಿಲ್ 8,481 ರೂ. 84 ಪೈಸೆಯಿಂದ 7,419 ರೂ. 84 ಪೈಸೆಗೆ ಇಳಿಯುತ್ತದೆ, ಏಳನೆಯ ತಿಂಗಳು ಮತ್ತೆ ಹಳೆಯ ದರ. ಅವರದೇ ಪಟ್ಟಿಯಲ್ಲಿ 499ರ ಪ್ಲಾನ್ ಇತ್ತು. ಅದಕ್ಕೆ ಇಳಿದರೆ ವರ್ಷಕ್ಕೆ 7,065 ರೂ. 84 ಪೈಸೆ, ಆ ದೊಡ್ಡ ಕಡಿತಕ್ಕಿಂತ 354 ರೂ. ಕಡಿಮೆ, ಮತ್ತು ಆರು ತಿಂಗಳಿಗೆ ಮುಗಿಯುವುದಿಲ್ಲ. ‘ಕಡಿತ ಬೇಡ, ಪ್ಲಾನ್ ಇಳಿಸಿ’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಇನ್ನೆರಡು ಸಲ ಕಡಿತದ ಮಾತೇ ಬಂತು. ಕೊನೆಗೆ ಒಪ್ಪಿದರು. ಮುಂದಿನ ಬಿಲ್ಲಿನಿಂದ ಬದಲಾಗುತ್ತದೆ ಎಂಬ ಎಸ್ಎಂಎಸ್ ಬರುವ ತನಕ ನಾನು ಫೋನ್ ಇಡಲಿಲ್ಲ. ಬಾಯಿಮಾತಿನ ಕೊಡುಗೆಗೆ ಸಾಕ್ಷಿ ಇರುವುದಿಲ್ಲ.

ಹೀಗೆ ಆಯ್ದ ಗ್ರಾಹಕರಿಗೆ ಮಾತ್ರ ಕಿವಿಯಲ್ಲಿ ಹೇಳುವ ಕೊಡುಗೆಗಳ ಬಗ್ಗೆ ದೊಡ್ಡ ವ್ಯಾಜ್ಯವೇ ನಡೆದಿದೆ. ಅವುಗಳ ವಿವರವನ್ನು ಟ್ರಾಯ್‌ಗೆ ಒಪ್ಪಿಸಬೇಕೆಂದು 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಂಪನಿಗಳಿಗೆ ಹೇಳಿತು. ಪ್ರಕಟಿತ ದರಪಟ್ಟಿಯಲ್ಲಿ ಇರುವುದನ್ನು ಕೇಳುವುದೇ ನಮಗೆ ಭದ್ರ. ಅದನ್ನು ಇಲ್ಲ ಎನ್ನಲು ಅವರಿಗೆ ಕಾರಣ ಸಿಗುವುದಿಲ್ಲ.

ಕೋಡ್ ತರಿಸಿಕೊಂಡ ಮಾತ್ರಕ್ಕೆ ನಂಬರು ಬೇರೆ ಕಂಪನಿಗೆ ಹೋಗುವುದಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2010ರ ನವೆಂಬರ್ 25ರಂದು ಹರಿಯಾಣದಲ್ಲಿ, 2011ರ ಜನವರಿ 20ರಂದು ದೇಶವಿಡೀ ಆರಂಭವಾಯಿತು. 2019ರ ಡಿಸೆಂಬರ್ 16ರಿಂದ ಜಾರಿಯಲ್ಲಿರುವ ಕ್ರಮದಲ್ಲಿ, ಷರತ್ತುಗಳು ಸರಿಯಿದ್ದರೆ ಮಾತ್ರ ಕೋಡ್ ಹುಟ್ಟುತ್ತದೆ: ಈಗಿನ ಕಂಪನಿಯಲ್ಲಿ 90 ದಿನ ತುಂಬಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ಸಿಮ್ ಬದಲಿಸಿದ್ದರೆ 7 ದಿನ ಕಾಯಬೇಕು. ಇದು 2024ರ ಜುಲೈ 1ರಿಂದ ಸೇರಿದ ಷರತ್ತು. ಕರ್ನಾಟಕದಲ್ಲಿ ಕೋಡಿನ ಆಯುಸ್ಸು 4 ದಿನ. ಆ 4 ದಿನವೇ ಚೌಕಾಸಿಯ ಕಾಲ. ಬಳಸದಿದ್ದರೆ ಕೋಡ್ ತಾನಾಗಿ ಸಾಯುತ್ತದೆ, ನಂಬರು ಇದ್ದಲ್ಲೇ ಇರುತ್ತದೆ. ನಿಜಕ್ಕೂ ಹೋಗುವುದಾದರೆ ರಾಜ್ಯದೊಳಗೆ 3 ಕೆಲಸದ ದಿನ, ಬೇರೆ ವಲಯಕ್ಕಾದರೆ 5. ಒಂದು ವರ್ಗಾವಣೆಗೆ ನಿಗದಿಯಾದ ಶುಲ್ಕ 6 ರೂ. 46 ಪೈಸೆ. ಹೋದ ಮೇಲೆ ಮತ್ತೆ 90 ದಿನ ಅಲ್ಲೇ ಕಟ್ಟುಬಿದ್ದಿರಬೇಕು.

ಒಂದು ಎಚ್ಚರಿಕೆ. ಕೋಡನ್ನಾಗಲಿ ಒಟಿಪಿಯನ್ನಾಗಲಿ ಕರೆ ಮಾಡಿದವರಿಗೆ ಹೇಳಬೇಡಿ. ನಿಮ್ಮನ್ನು ಉಳಿಸಿಕೊಳ್ಳಲು ಬಂದವರಿಗೆ ಅದು ಬೇಕಾಗುವುದೇ ಇಲ್ಲ.

ಈ ಅಸ್ತ್ರ ಎಲ್ಲರಿಗೂ ಒಂದೇ ಸಮನಾಗಿ ಒದಗುವುದಿಲ್ಲ. ಮಲೆನಾಡಿನ ಒಳಗೆ ಒಂದೇ ಕಂಪನಿಯ ಗೋಪುರ ಇರುವ ಊರುಗಳಲ್ಲಿ ‘ಬಿಟ್ಟು ಹೋಗುತ್ತೇನೆ’ ಎಂಬ ಮಾತಿಗೆ ತೂಕವಿಲ್ಲ. ಹಾಗಿದ್ದರೂ ದೇಶದಲ್ಲಿ ತಿಂಗಳಿಗೆ ಒಂದು ಕೋಟಿಗೂ ಹೆಚ್ಚು ಮಂದಿ ಕಂಪನಿ ಬದಲಿಸಲು ಕೋರಿಕೆ ಸಲ್ಲಿಸುತ್ತಾರೆ. ದರ ಏರಿದ 2024ರ ಜುಲೈ ಒಂದೇ ತಿಂಗಳಲ್ಲಿ ಏರ್‌ಟೆಲ್ ಸುಮಾರು 17 ಲಕ್ಷ, ವೊಡಾಫೋನ್ ಐಡಿಯಾ 14 ಲಕ್ಷ, ಜಿಯೊ 7.5 ಲಕ್ಷ ಗ್ರಾಹಕರನ್ನು ಕಳೆದುಕೊಂಡವು. ಬೆಲೆ ಏರಿಸದ ಬಿಎಸ್ಎನ್ಎಲ್‌ಗೆ 29 ಲಕ್ಷ ಮಂದಿ ಸೇರಿದರು.

ನಮ್ಮ ಮನೆಯ ಲೆಕ್ಕ ಮುಗಿಸುತ್ತೇನೆ. ಅಮ್ಮ 2,587ರಿಂದ 1,849ಕ್ಕೆ. ಹೆಂಡತಿ ಏರ್‌ಟೆಲ್‌ನ 349ರ ಹದಿಮೂರು ರೀಚಾರ್ಜ್ ಬಿಟ್ಟು ವಾರ್ಷಿಕಕ್ಕೆ: 4,537ರಿಂದ 3,599. ಜಿಯೊದಲ್ಲಿ 349ರದ್ದನ್ನೇ ಹಾಕಿಸುತ್ತಿದ್ದ ಮಗ 859ರ ನಾಲ್ಕು, ಕೊನೆಗೆ 349ರ ಒಂದು: 4,537ರಿಂದ 3,785. ನಾನು 8,481 ರೂ. 84 ಪೈಸೆಯಿಂದ 7,065 ರೂ. 84 ಪೈಸೆಗೆ. ಒಟ್ಟು 20,142 ರೂ. 84 ಪೈಸೆ ಇದ್ದದ್ದು 16,298 ರೂ. 84 ಪೈಸೆ ಆಯಿತು. ಉಳಿದದ್ದು 3,844 ರೂ., ನೂರಕ್ಕೆ 19. ಯಾರೂ ನಂಬರು ಬದಲಿಸಲಿಲ್ಲ, ಕಂಪನಿಯನ್ನೂ ಬದಲಿಸಲಿಲ್ಲ.

ಇಲ್ಲಿ ಕೊಟ್ಟ ದರಗಳು 2024ರ ಜುಲೈ ಮತ್ತು 2025ರ ಜನವರಿಯವು. ನೀವು ಓದುವ ಹೊತ್ತಿಗೆ ಪಟ್ಟಿ ಬದಲಾಗಿರಬಹುದು, ಭಾಗಾಕಾರ ಬದಲಾಗುವುದಿಲ್ಲ. ಈ ಭಾನುವಾರ ಮನೆಯ ಎಲ್ಲರ ಫೋನು ಒಟ್ಟಿಗೆ ಇಟ್ಟುಕೊಂಡು, ಕೊನೆಯ ರೀಚಾರ್ಜಿನ ಮೊತ್ತವನ್ನು ದಿನಗಳಿಂದ ಭಾಗಿಸಿ ಒಂದು ಹಾಳೆಯಲ್ಲಿ ಬರೆಯಿರಿ. ಊರಲ್ಲಿರುವ ಅಪ್ಪ ಅಮ್ಮನ ನಂಬರಿನಿಂದಲೇ ಶುರು ಮಾಡಿ.