ಕಿಡಿಗೊಂದು ಹೊತ್ತು

ಪೂರ್ತಿ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ನು ರಿಂಗು ಹಾಕಿ ಮತ್ತೆ ಜೋಡಿಸಿದ ಹಳೆಯ ಅಂಬಾಸಿಡರ್ ಎಂಜಿನ್ನಿಗೆ ಮೊದಲ ಸಲ ಸೆಲ್ಫ್ ಹೊಡೆದಾಗ ಅದು ಕಾರ್ಬ್ಯುರೇಟರ್‌ನಿಂದ ಟಪ್ಪೆಂದು ಬೆಂಕಿ ಉಗುಳಿ ಸುಮ್ಮನಾಯಿತು ಎಂದಿಟ್ಟುಕೊಳ್ಳಿ. ಪೆಟ್ರೋಲ್ ಬರುತ್ತಿದೆ. ಪ್ಲಗ್ಗು ಬಿಚ್ಚಿ ನೋಡಿದರೆ ಕಿಡಿಯೂ ಇದೆ. ಬಹಳಷ್ಟು ಸಲ ಇಂಥ ಎಂಜಿನ್ನಿನಲ್ಲಿ ತಪ್ಪಿರುವುದು ಕಿಡಿಯ ಹೊತ್ತು. ಆ ಹೊತ್ತನ್ನು ಕಾಯುವುದು ಎಂಜಿನ್ನಿನ ಮಗ್ಗುಲಲ್ಲಿ ನಿಂತ, ಗ್ಯಾರೇಜುಗಳಲ್ಲಿ ‘ಡೆಲ್ಕೋ’ ಎಂದು ಕರೆಯುವ ಡಿಸ್ಟ್ರಿಬ್ಯೂಟರ್.

ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ. ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾಯಿತು. ಅದರಲ್ಲಿ ಬಹುಕಾಲ ಇದ್ದದ್ದು ಬಿ-ಸೀರೀಸ್ ಎಂಬ 1489 ಸಿಸಿ ಪೆಟ್ರೋಲ್ ಎಂಜಿನ್. ಎಂಜಿಎ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿಗೂ ಇದೇ ಕುಲದ ಎಂಜಿನ್ನಿತ್ತು. ಅಂಬಾಸಿಡರ್ ಎಂಜಿನ್ನಿನ ಕಿಡಿ ವ್ಯವಸ್ಥೆಯ ಮೂಲ ಉಪಾಯ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರದು. 1910ರ ಹೊತ್ತಿಗೆ ಅದು ಕ್ಯಾಡಿಲಾಕ್ ಕಾರುಗಳಲ್ಲಿತ್ತು. ಡೆಲ್ಕೋದೊಳಗಿನ ಸ್ವಿಚ್ಚಿನಂಥ ಪಾಯಿಂಟ್ ಮುಚ್ಚಿದಾಗ ಕಾಯಿಲಿನ ಮೊದಲ ಸುರುಳಿಯಲ್ಲಿ ವಿದ್ಯುತ್ ಹರಿದು ಕಾಂತಕ್ಷೇತ್ರ ಬೆಳೆಯುತ್ತದೆ. ನಾಲ್ಕು ಮೂಲೆಯ ಕ್ಯಾಮ್ ಪಾಯಿಂಟನ್ನು ತೆರೆದ ಕ್ಷಣ ಆ ಕ್ಷೇತ್ರ ಕುಸಿಯುತ್ತದೆ. ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಚಿಮ್ಮುತ್ತದೆ. ರೋಟರ್ ಅದನ್ನು ಸರದಿಯ ಪ್ಲಗ್ಗಿಗೆ ಕಳಿಸುತ್ತದೆ: ಒಂದು, ಮೂರು, ನಾಲ್ಕು, ಎರಡು. ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಸತ್ತರೆ ಪಾಯಿಂಟಿನಲ್ಲೇ ಕಿಡಿ ಹಾರಿ ಅದು ಸುಟ್ಟುಹೋಗುತ್ತದೆ, ಪ್ಲಗ್ಗಿಗೆ ಬಲವಾದ ಕಿಡಿ ತಲುಪುವುದಿಲ್ಲ.

ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಬೇಕು. ಆ ವೇಗದಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ಸರಿಯಲು ತಗಲುವ ಕಾಲ ಸೆಕೆಂಡಿನ 18,000ದಲ್ಲಿ ಒಂದು ಪಾಲು. ಇಷ್ಟು ಸೂಕ್ಷ್ಮದ ಕೆಲಸವನ್ನು ಒಂದು ಕಬ್ಬಿಣದ ಕ್ಯಾಮು, ಒಂದಿಷ್ಟು ಸ್ಪ್ರಿಂಗು ಸೇರಿ ದಶಕಗಟ್ಟಲೆ ಮಾಡಿಕೊಂಡು ಬಂದಿವೆ. ಇದು ನನಗೆ ಇಂದಿಗೂ ಬೆರಗಿನ ವಿಷಯ.

ಜೋಡಣೆಯಲ್ಲಿ ಎಡವುವ ಮೊದಲ ಜಾಗ ಪಿಸ್ಟನ್ನಿನ ಮೇಲಿನ ತುದಿ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಂದು ಆವರ್ತಕ್ಕೆ ಪಿಸ್ಟನ್ ಎರಡು ಸಲ ಮೇಲಕ್ಕೆ ಬರುತ್ತದೆ. ಒಮ್ಮೆ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒತ್ತಿಕೊಂಡು, ಇನ್ನೊಮ್ಮೆ ಹೊಗೆಯನ್ನು ಹೊರದಬ್ಬಿಕೊಂಡು. ಕ್ರ್ಯಾಂಕ್ ಪುಲ್ಲಿಯ ಗುರುತು ಎರಡೂ ಸಲ ಒಂದೇ ಕಡೆ ಕೂರುವುದರಿಂದ ಅದೊಂದನ್ನೇ ನಂಬುವಂತಿಲ್ಲ. ರೇಡಿಯೇಟರ್ ಕಡೆಯ ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳು ಒತ್ತಿ ಎಂಜಿನ್ ತಿರುಗಿಸಿದರೆ ಕಂಪ್ರೆಷನ್ ಹೊಡೆತದಲ್ಲಿ ಗಾಳಿ ಬೆರಳನ್ನು ತಳ್ಳುತ್ತದೆ. ಟ್ಯಾಪೆಟ್ ಕವರ್ ತೆಗೆದಿದ್ದರೆ ಇನ್ನೂ ಸುಲಭ: ನಾಲ್ಕನೇ ಸಿಲಿಂಡರಿನ ಒಂದು ವಾಲ್ವ್ ಮುಚ್ಚುತ್ತ ಇನ್ನೊಂದು ತೆರೆಯುತ್ತ ಇರುವಾಗ ಒಂದನೆಯದು ಕಿಡಿಗೆ ಸಿದ್ಧವಾಗಿರುತ್ತದೆ.

ಆಮೇಲೆ ಡ್ರೈವ್ ಗೇರ್. ಕ್ಯಾಮ್‌ಶಾಫ್ಟಿನಿಂದ ಡೆಲ್ಕೋಗೆ ತಿರುಗುಬಲ ಒಯ್ಯುವ ಈ ಗೇರಿನ ತಲೆಯಲ್ಲಿ ಒಂದು ಸೀಳಿದೆ. ಅದು ನಟ್ಟನಡುವೆ ಇಲ್ಲ, ತುಸು ಪಕ್ಕಕ್ಕಿದೆ. ಹಾಗಾಗಿ ಗೇರಿನ ತಲೆ ಒಂದು ದೊಡ್ಡ, ಒಂದು ಸಣ್ಣ ಭಾಗವಾಗಿ ಕಾಣುತ್ತದೆ, ಡೆಲ್ಕೋ ಅದರ ಮೇಲೆ ಒಂದೇ ರೀತಿಯಲ್ಲಿ ಕೂರುತ್ತದೆ. ಹಲ್ಲುಗಳು ಓರೆಯಾಗಿ ಕೊರೆದವು. ದೊಡ್ಡ ಭಾಗ ಮೇಲೆ ಬರುವಂತೆ, ಸೀಳು ಹೆಚ್ಚುಕಡಿಮೆ ಅಡ್ಡಕ್ಕಿರುವಂತೆ ಹಿಡಿದು ಇಳಿಸಿದರೆ ಗೇರ್ ಕಚ್ಚಿಕೊಳ್ಳುತ್ತ ಅಪ್ರದಕ್ಷಿಣೆಯಾಗಿ ತಿರುಗಿ, ಸೀಳು ಗಡಿಯಾರದ ಎರಡು ಗಂಟೆಯ ದಿಕ್ಕಿಗೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಎತ್ತಿ ಒಂದು ಹಲ್ಲು ಸರಿಸಿ ಮತ್ತೆ ಇಳಿಸಬೇಕು. ಎತ್ತಲು ಉಪಾಯವನ್ನೂ ತಯಾರಕರೇ ಇಟ್ಟಿದ್ದಾರೆ: ಗೇರಿನ ತುದಿಯಲ್ಲಿ ಮರೆ ಕೊರೆದಿದೆ, 5/16 ಅಂಗುಲದ ಉದ್ದ ಬೋಲ್ಟ್ ತಿರುಗಿಸಿದರೆ ಹಿಡಿ ಸಿಕ್ಕಂತೆ.

ಇಲ್ಲಿ ಒಂದು ಅಡ್ಡದಾರಿ ಬಳಕೆಯಲ್ಲಿದೆ. ಗೇರ್ ತಪ್ಪಾಗಿ ಕೂತಿದ್ದರೂ ಪ್ಲಗ್ ವೈರುಗಳನ್ನು ಕ್ಯಾಪಿನಲ್ಲಿ ಒಂದೊಂದು ಮನೆ ಸರಿಸಿ, ಡೆಲ್ಕೋದ ಮೈಯನ್ನು ತಿರುಗಿಸಿ ಗಾಡಿ ಓಡಿಸಿಬಿಡಬಹುದು. ನಾನು ಇದನ್ನು ಒಪ್ಪುವುದಿಲ್ಲ. ಟೈಮಿಂಗ್ ಹೊಂದಿಸಲು ಹೋದರೆ ಡೆಲ್ಕೋದ ಪಕ್ಕಕ್ಕೆ ಚಾಚಿದ ವ್ಯಾಕ್ಯೂಮ್ ಡಬ್ಬಿ ಎಂಜಿನ್ ಬ್ಲಾಕಿಗೆ ತಾಗಿ ಅಡ್ಡಬರುತ್ತದೆ. ಮುಂದೊಂದು ದಿನ ಕಾರಿನ ಕೈಪಿಡಿ ಪುಸ್ತಕ ನೋಡಿ ವೈರು ಹಾಕುವ ಇನ್ನೊಬ್ಬರಿಗೆ ಎಂಜಿನ್ ಒಗಟಾಗುತ್ತದೆ. ಹತ್ತು ನಿಮಿಷ ಉಳಿಸಲು ಮುಂದಿನವರ ಇಡೀ ದಿನ ಕೆಡಿಸುವುದು ಸರಿಯಲ್ಲ.

ಪಾಯಿಂಟಿನ ಗ್ಯಾಪನ್ನು ಟೈಮಿಂಗಿಗಿಂತ ಮೊದಲೇ ಇಡಬೇಕು. ಫೀಲರ್ ಗೇಜಿನಲ್ಲಿ 0.35ರಿಂದ 0.40 ಮಿಲಿಮೀಟರ್. ಗ್ಯಾಪ್ ಹೆಚ್ಚಿದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿಯೂ ಮುಂಚೆಯೇ ಹಾರುತ್ತದೆ. ಹಾಗಾಗಿ ಟೈಮಿಂಗ್ ಇಟ್ಟ ಮೇಲೆ ಗ್ಯಾಪ್ ಮುಟ್ಟಿದರೆ ಮೊದಲ ಕೆಲಸ ನೀರುಪಾಲು. ಟೈಮಿಂಗಿಗೆ 12 ವೋಲ್ಟಿನ ಒಂದು ಬಲ್ಬ್ ಸಾಕು. ಒಂದು ತಂತಿ ಡೆಲ್ಕೋಗೆ ಬರುವ ಸಣ್ಣ ವೈರಿನ ಟರ್ಮಿನಲ್ಲಿಗೆ, ಇನ್ನೊಂದು ಬಾಡಿಗೆ. ಕೀಲಿ ಆನ್ ಮಾಡಿ, ಪುಲ್ಲಿಯನ್ನು ಪುಸ್ತಕ ಹೇಳಿದ ಡಿಗ್ರಿಗೆ ತಂದು ಡೆಲ್ಕೋವನ್ನು ಮೆಲ್ಲನೆ ತಿರುಗಿಸಿದಾಗ ಬಲ್ಬ್ ಹೊತ್ತಿದ ಜಾಗವೇ ಪಾಯಿಂಟ್ ತೆರೆದ ಜಾಗ. ಪುಲ್ಲಿಯನ್ನು ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ ಗುರುತಿಗೆ ತರಬೇಕು. ದಾಟಿಹೋದರೆ ಸಾಕಷ್ಟು ಹಿಂದಕ್ಕೆ ಹೋಗಿ ಮತ್ತೆ ಬರಬೇಕು. ಇಲ್ಲವಾದರೆ ಚೈನು ಮತ್ತು ಗೇರಿನ ಸಡಿಲವೆಲ್ಲ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ.

ಕಿಡಿ ಪಿಸ್ಟನ್ ತುದಿ ಮುಟ್ಟುವ ಮೊದಲೇ ಹಾರಬೇಕಾದದ್ದು ಏಕೆ? ಬಣವೆಗೆ ಬಿದ್ದ ಕಿಡಿಯಂತೆ ಸಿಲಿಂಡರಿನ ಬೆಂಕಿಯೂ ಹಬ್ಬಲು ಹೊತ್ತು ಬೇಡುತ್ತದೆ. ಅದು ಎರಡು ಮಿಲಿಸೆಕೆಂಡ್ ಎಂದುಕೊಂಡರೆ, 600 ಸುತ್ತಿನ ಐಡ್ಲಿಂಗಿನಲ್ಲಿ ಅಷ್ಟರಲ್ಲಿ ಕ್ರ್ಯಾಂಕ್ ಏಳು ಡಿಗ್ರಿ ಸರಿದಿರುತ್ತದೆ, 3000ದಲ್ಲಿ 36 ಡಿಗ್ರಿ. ವೇಗ ಏರಿದಂತೆ ಕಿಡಿ ಮುಂಚೆ ಬರಲೇಬೇಕು. ಪಾಯಿಂಟಿನ ತಟ್ಟೆಯ ಕೆಳಗಿನ ಎರಡು ತೂಕದ ತುಂಡುಗಳು ವೇಗಕ್ಕೆ ಹೊರಕ್ಕೆ ಚಿಮ್ಮಿ ಕ್ಯಾಮನ್ನು ಮುಂದಕ್ಕೆ ತಿರುಗಿಸುವುದು ಇದಕ್ಕೇ. ಆಕ್ಸಿಲರೇಟರ್ ಹಗುರವಾಗಿ ಒತ್ತಿ ಸಾಗುವಾಗ ಸಿಲಿಂಡರಿನಲ್ಲಿ ಮಿಶ್ರಣ ವಿರಳ, ಬೆಂಕಿ ನಿಧಾನ. ಆಗ ವ್ಯಾಕ್ಯೂಮ್ ಡಬ್ಬಿ ತಟ್ಟೆಯನ್ನು ಎಳೆದು ಇನ್ನಷ್ಟು ಮುಂಚೆ ಕಿಡಿ ಕೊಡುತ್ತದೆ. ವೇಗವನ್ನೂ ಹೊರೆಯನ್ನೂ ಅರಿಯುವ ಈ ಎರಡು ಅಂಗಗಳನ್ನು ಎಂಜಿನ್ ಜೋಡಿಸುವಾಗ ಬಹಳ ಮಂದಿ ನೋಡುವುದೇ ಇಲ್ಲ. ರೋಟರನ್ನು ಅದು ತಿರುಗುವ ದಿಕ್ಕಿಗೆ ಕೈಯಿಂದ ತಿರುವಿ ಬಿಟ್ಟರೆ ಪುಟಿದು ಹಿಂದಕ್ಕೆ ಬರಬೇಕು. ವ್ಯಾಕ್ಯೂಮ್ ಪೈಪನ್ನು ಬಾಯಿಂದ ಹೀರಿ ತುದಿಗೆ ನಾಲಗೆ ಒತ್ತಿ ಹಿಡಿದರೆ ತಟ್ಟೆ ಸರಿದು ಅಲ್ಲೇ ನಿಲ್ಲಬೇಕು. ಜಾರಿದರೆ ಡಯಾಫ್ರಮ್ ಹರಿದಿದೆ. ಶಾಫ್ಟ್ ಅತ್ತಿತ್ತ ಅಲ್ಲಾಡಿದರೆ ಬುಷ್ ಸವೆದಿದೆ, ಆಗ ಗ್ಯಾಪ್ ಒಂದೊಂದು ಸುತ್ತಿಗೆ ಒಂದೊಂದು.

ಪುಸ್ತಕದ ಡಿಗ್ರಿ ಅಂದಿನ ಪೆಟ್ರೋಲಿಗೆ ಬರೆದದ್ದು. ಇಂದಿನದರ ಆಕ್ಟೇನ್ ಬೇರೆ, ಎಥನಾಲೂ ಬೆರೆತಿದೆ. ಅದನ್ನು ಆರಂಭದ ಅಂಕೆ ಎಂದುಕೊಂಡು ರಸ್ತೆಯಲ್ಲಿ ಪರೀಕ್ಷಿಸಬೇಕು. ಟಾಪ್ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಕಟಕಟ ನಾಕ್ ಹೊಡೆದರೆ ಕಿಡಿ ಬೇಗ ಬರುತ್ತಿದೆ. ಪಿಕಪ್ ಸತ್ತು ಎಂಜಿನ್ ಬಿಸಿಯೇರಿದರೆ ತಡವಾಗಿದೆ. ಈ ಡೆಲ್ಕೋದಲ್ಲಿ ರೋಟರ್ ಅಪ್ರದಕ್ಷಿಣೆಯಾಗಿ ತಿರುಗುವುದರಿಂದ ಮೈಯನ್ನು ಪ್ರದಕ್ಷಿಣೆಯಾಗಿ ಸರಿಸಿದರೆ ಕಿಡಿ ಮುಂಚೆ, ಅಪ್ರದಕ್ಷಿಣೆಯಾಗಿ ಸರಿಸಿದರೆ ತಡ. ಒಂದೆರಡು ಡಿಗ್ರಿಗಿಂತ ಹೆಚ್ಚು ಸರಿಸಬೇಕಾಗಿ ಬಂದರೆ ಗೇರನ್ನೋ ತೂಕದ ತುಂಡುಗಳನ್ನೋ ಮತ್ತೆ ನೋಡಬೇಕು. ಹೊಸ ಪಾಯಿಂಟಿನ ಹಿಮ್ಮಡಿ ಕ್ಯಾಮಿಗೆ ಉಜ್ಜಿ ಹೊಂದಿಕೊಳ್ಳುವಾಗ ಗ್ಯಾಪ್ ಕಿರಿದಾಗಿ ಕಿಡಿ ತಡವಾಗುತ್ತ ಹೋಗುತ್ತದೆ. ಅದಕ್ಕೇ ಕ್ಯಾಮಿಗೆ ಚಿಟಿಕೆ ಗ್ರೀಸ್ ಹಚ್ಚಿ, ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಗ್ಯಾಪನ್ನೂ ಟೈಮಿಂಗನ್ನೂ ಇನ್ನೊಮ್ಮೆ ಇಡಬೇಕು.