‘ಸಿ’ ಮತ್ತು ‘ಓ’: ಎರಡಕ್ಷರದ ಹಲವು ಅರ್ಥಗಳು

ಬ್ಯಾಂಕಿನ ಉದ್ಯೋಗದಲ್ಲಿರುವವರಿಗೆ ಸಂಕ್ಷೇಪಾಕ್ಷರಗಳ ಸಹವಾಸ ನಿತ್ಯದ್ದು. ಅವುಗಳಲ್ಲಿ ಇಂಗ್ಲಿಷಿನ ‘ಸಿ’ ಮತ್ತು ‘ಓ’ಗಳಷ್ಟು ವೇಷ ಬದಲಿಸುವ ಜೋಡಿ ಮತ್ತೊಂದಿಲ್ಲವೆಂದು ನನ್ನ ಎಣಿಕೆ. ಕೊನೆಯಲ್ಲಿ ಚುಕ್ಕೆಯಿಟ್ಟರೆ ಕಂಪನಿ; ನಡುವೆ ಓರೆಗೆರೆ ಎಳೆದರೆ, ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರ ಮೊದಲ ವಿಳಾಸವಾದ ‘ಕೇರಾಫ್’; ಪದದ ಮೊದಲಿಗೆ ಸೇರಿಸಿದರೆ ‘ಕೂಡಿ’ ಎಂಬರ್ಥ; ಎರಡನ್ನೂ ದೊಡ್ಡಕ್ಷರದಲ್ಲಿ ಬರೆದರೆ ಒಂದು ವಿಷಾನಿಲ.

ಪದದ ಮೊದಲಿಗೆ ಬರುವ ‘ಕೋ’ ಲ್ಯಾಟಿನ್ ಮೂಲದ್ದು; ನಮ್ಮ ‘ಸಹ’ ಮಾಡುವ ಕೆಲಸವನ್ನೇ ಮಾಡುತ್ತದೆ. ಕಂಪನಿಯೆಂಬ ಶಬ್ದವೂ ಅದೇ ಬೇರಿನದು. ರೊಟ್ಟಿಯನ್ನು ಕೂಡಿ ತಿನ್ನುವವರು ಎಂಬುದು ಅದರ ಮೂಲಾರ್ಥ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಸ್ಥಾಪಿಸಿದರು. 1906ರಲ್ಲಿ ಪುಣೆಯಲ್ಲಿ ಕಾಸ್ಮೋಸ್ ಬ್ಯಾಂಕು ಹುಟ್ಟಿತು. ಇಂದು ಕೋಥರೂಡದ ಯಾವ ಗಲ್ಲಿಯಲ್ಲಿ ನಿಂತರೂ ‘ಕೋ-ಆಪ್. ಹೌಸಿಂಗ್ ಸೊಸೈಟಿ’ ಎಂಬ ಫಲಕ ಕಣ್ಣಿಗೆ ಬೀಳುತ್ತದೆ. ವೃತ್ತಿಧರ್ಮದಿಂದ ಒಂದು ಮಾತು: ‘ಕೋ-ಆಪ್’ ಎಂದು ಬರೆದುದೆಲ್ಲ ಬ್ಯಾಂಕಲ್ಲ. ಸಹಕಾರಿ ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯುಂಟು. ಪತಸಂಸ್ಥೆಯ ಠೇವಣಿಗೆ ಆ ರಕ್ಷಣೆಯಿಲ್ಲ.

ಔಷಧಿಗಳ ಹೆಸರಿನಲ್ಲಿಯೂ ಈ ‘ಕೋ’ ಇಣುಕುತ್ತದೆ. ಕೋ-ಟ್ರೈಮೋಕ್ಸಜೋಲ್, ಕೋ-ಅಮಾಕ್ಸಿಕ್ಲಾವ್ ಎಂದರೆ ಎರಡು ಔಷಧಿಗಳ ಮಿಶ್ರಣವೆಂದರ್ಥ. ಮೊದಲನೆಯದರಲ್ಲಿ ಸಲ್ಫಾ ವರ್ಗದ ಔಷಧಿಯೂ ಎರಡನೆಯದರಲ್ಲಿ ಪೆನಿಸಿಲಿನ್ ವರ್ಗದ್ದೂ ಅಡಗಿವೆ. ಇವು ಒಗ್ಗದವರು ಹೆಸರಿನಲ್ಲಿ ಕಾಣಲಿಲ್ಲವೆಂದು ನೆಚ್ಚದೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಆರೋಗ್ಯವಿಮೆಯ ‘ಕೋ-ಪೇ’ಯೂ ಇದೇ ಕುಲದ್ದು: ಶೇಕಡಾ 20 ಎಂದಿದ್ದರೆ, ಒಪ್ಪಿತವಾದ 1 ಲಕ್ಷದ ಬಿಲ್ಲಿನಲ್ಲಿ 20 ಸಾವಿರ ನಮ್ಮದೇ ಕೈಯಿಂದ. ಕೋವಿಡ್‌ನ ‘ಕೋ’ ಮಾತ್ರ ಬೇರೆ; ಅದು ಕೊರೋನಾದ ಮೊದಲಕ್ಷರ.

ಇನ್ನು ರಸಾಯನಶಾಸ್ತ್ರ. ‘ಸಿ’ ದೊಡ್ಡದು, ‘ಓ’ ಚಿಕ್ಕದಾದರೆ ಕೋಬಾಲ್ಟ್. ಬಿ-12 ಜೀವಸತ್ವದಲ್ಲಿರುವ ಲೋಹ. ಎರಡೂ ದೊಡ್ಡವಾದರೆ ಕಾರ್ಬನ್ ಮಾನಾಕ್ಸೈಡ್. ಈ ಲೇಖನಕ್ಕೆ ಕೈಹಾಕಿದ್ದು ಮುಖ್ಯವಾಗಿ ಇದಕ್ಕಾಗಿ.

ಗ್ಯಾಸ್ ಗೀಸರ್ ಉರಿಯುವಲ್ಲಿ ಗಾಳಿ ಸಾಲದಾದರೆ ಉರಿ ಪೂರ್ಣವಾಗದೆ ಈ ಅನಿಲ ಹುಟ್ಟುತ್ತದೆ. ಅಡಿಗೆಯ ಗ್ಯಾಸಿಗೆ ಸೋರಿಕೆ ತಿಳಿಯಲೆಂದೇ ವಾಸನೆ ಬೆರೆಸಿರುತ್ತಾರೆ. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಂದಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಕೂಡಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿ, ಎದ್ದು ಬಾಗಿಲು ತೆಗೆಯುವ ಶಕ್ತಿಯೇ ಉಡುಗಿಹೋಗುತ್ತದೆ. ಪುಣೆಯಲ್ಲಿ ಇಂತಹ ಸಾವುಗಳು ಸಂಭವಿಸಿವೆ. ಡಿಸೆಂಬರಿನ ಚಳಿಗೆ ನಾವು ಬಚ್ಚಲುಮನೆಯ ಗಾಜಿನ ಪಟ್ಟಿಗಳನ್ನೆಲ್ಲ ಮುಚ್ಚುತ್ತೇವೆ; ಗೀಸರ್ ಡ್ರೈ ಬಾಲ್ಕನಿಯಲ್ಲಿದ್ದರೂ ಆ ಬಾಲ್ಕನಿಗೇ ಗಾಜು ಕೂಡಿಸಿ ಬಂದೋಬಸ್ತು ಮಾಡಿರುತ್ತೇವೆ. ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ತೆರೆದ ಸ್ಥಳದಲ್ಲಿರಬೇಕು. ಅದು ತತ್‌ಕ್ಷಣ ಸಾಧ್ಯವಾಗದಿದ್ದರೆ, ಕಿಟಕಿ ತೆರೆದು ಬಕೆಟ್ ತುಂಬಿಸಿ, ಉರಿ ಆರಿಸಿ, ಗಾಳಿಯಾಡಲು ಬಿಟ್ಟು, ಅನಂತರವೇ ಸ್ನಾನಕ್ಕಿಳಿಯುವುದು ಲೇಸು.

ಒಳಗಿದ್ದವರು ಕೂಗಿದರೂ ಓಗೊಡದಿದ್ದರೆ ಬಾಗಿಲು ಮುರಿದಾದರೂ ಅವರನ್ನು ಬಯಲು ಗಾಳಿಗೆ ತಂದು, ಗ್ಯಾಸ್ ನಿಲ್ಲಿಸಿ, 108ಕ್ಕೆ ಕರೆ ಮಾಡತಕ್ಕದ್ದು. 2020ರ ಸುಮಾರಿಗೆ ಅನೇಕರು ಕೊಂಡ ಬೆರಳಿನ ಆಕ್ಸಿಮೀಟರನ್ನು ಇಲ್ಲಿ ನಂಬಲಾಗದು. ಈ ವಿಷಾನಿಲ ಕೂಡಿಕೊಂಡ ರಕ್ತವನ್ನೂ ಅದು ಆಮ್ಲಜನಕವುಳ್ಳದ್ದೆಂದೇ ಎಣಿಸಿ 98 ಎಂದು ತೋರಿಸೀತು. ಆಸ್ಪತ್ರೆಗೆ ಹೋದೊಡನೆ, ಗ್ಯಾಸ್ ಗೀಸರ್ ಉರಿಯುತ್ತಿತ್ತೆಂಬ ಸಂಗತಿಯನ್ನು ವೈದ್ಯರಿಗೆ ಮೊಟ್ಟಮೊದಲು ತಿಳಿಸಬೇಕು. ಯಾವ ರಕ್ತಪರೀಕ್ಷೆ ಮಾಡಿಸಬೇಕೆಂಬುದು ಅವರಿಗೆ ಹೊಳೆಯುವುದು ಅದರಿಂದಲೇ.