ಬೀಪ್ ಸದ್ದು ಮಿದುಳಿಗೆ ಮುಟ್ಟಿತೇ?

ಪ್ರಶ್ನೆ: ಮುಂದಿನ ವಾಹನ ತೀರಾ ಹತ್ತಿರವಾದರೆ ನಮ್ಮ ಹೊಸ ಕಾರು ಬೀಪ್ ಅನ್ನುತ್ತದೆ. ಅದು ಚಾಲಕನ ಮಿದುಳಿಗೆ ಮುಟ್ಟಿತೋ ಇಲ್ಲವೋ ಅಳೆಯಬಹುದೇ?
– ಓದುಗರು, ಬೆಟ್ಟಂಪಾಡಿ

ಉತ್ತರ: ಅಳೆಯಬಹುದು. ತಲೆಗೆ ವಿದ್ಯುದ್ವಾರಗಳ ಟೋಪಿ ತೊಡಿಸಿ, ಸಿಮ್ಯುಲೇಟರಿನಲ್ಲಿ ಕೂರಿಸಿ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ತೆಗೆಯುತ್ತಾರೆ. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯರಲ್ಲಿ ಮೊದಲು ದಾಖಲಿಸಿದ ಅದೇ ಮಿದುಳಿನ ಅಲೆ. ಸದ್ದು ಗಮನಕ್ಕೆ ಬಿದ್ದರೆ 300 ಮಿಲಿಸೆಕೆಂಡಿಗೋ ತುಸು ತಡವಾಗಿಯೋ ‘ಪಿ300’ ಎಂಬ ಅಲೆ ಏಳುತ್ತದೆ. ಕೆಲವೇ ಮೈಕ್ರೋವೋಲ್ಟಿನಷ್ಟು ಕ್ಷೀಣ. ಹತ್ತಾರು ಸಲ ಅಳೆದು ಸರಾಸರಿ ತೆಗೆದರಷ್ಟೇ ಕಾಣುತ್ತದೆ. ಆ 300 ಮಿಲಿಸೆಕೆಂಡಿನೊಳಗೆ ಗಂಟೆಗೆ 60 ಕಿ.ಮೀ. ವೇಗದ ಕಾರು 5 ಮೀಟರ್ ದಾಟಿರುತ್ತದೆ, ಕಾಲಿನ್ನೂ ಬ್ರೇಕ್ ಮುಟ್ಟಿರುವುದಿಲ್ಲ! ಪಿ300 ಅಪರೂಪದ ಸದ್ದಿಗೆ ಜೋರು, ಪದೇ ಪದೇ ಕೇಳಿದ್ದಕ್ಕೆ ಮಂಕು. ನಿಮ್ಮೂರಿನ ತಿರುವು ರಸ್ತೆಯಲ್ಲಿ ಎದುರು ಬಸ್ಸು ಬಂದಾಗಲೆಲ್ಲ ಕಾರು ಅರಚಿದರೆ, ಮಿದುಳು ಅದನ್ನು ಮಳೆಗಾಲದ ಕಪ್ಪೆಯ ವಟಗುಟ್ಟುವಿಕೆಯ ಲೆಕ್ಕಕ್ಕೆ ಸೇರಿಸಿಬಿಟ್ಟೀತು.